ನಾಲ್ಕು ಬೆರಳಗಲದ ಗೆರೆ

ಆ ಊರಿಗೊಂದು ಹೆಸರಿತ್ತಂತೆ. ಎರಡು ಕೇರಿಯವರೂ ಒಂದೇ ಹೆಸರಿಗೆ ಒಪ್ಪದೆ ಹೋದದ್ದರಿಂದ ಅದನ್ನು ಯಾರೂ ಕರೆಯುತ್ತಿರಲಿಲ್ಲ. ನಾನೂ ಕರೆಯುವುದಿಲ್ಲ ಬಿಡಿ. ಮೂಡಣ ಬಾಗಿಲಿನಿಂದ ಪಡುವಣ ಬಾಗಿಲಿನವರೆಗೆ ಊರಿನ ನಟ್ಟನಡುವೆ ಒಂದು ಬಿಳಿ ಗೆರೆ. ಸುಣ್ಣದ ಪುಡಿಯಲ್ಲಿ ಎಳೆದದ್ದು, ನಾಲ್ಕು ಬೆರಳಗಲ. ಒಂದು ಕಡೆ ಬಡಗೇರಿ, ಇನ್ನೊಂದು ಕಡೆ ತೆಂಕೇರಿ. ತೆಂಕೇರಿಯಲ್ಲಿ ಮನುಷ್ಯನಿಗೆ ಮನುಷ್ಯ ಒಡೆಯನಾಗಬಹುದಿತ್ತು, ಎತ್ತಿಗೆ ಒಡೆಯನಾದ ಹಾಗೆ. ಬಡಗೇರಿಯಲ್ಲಿ ಆಗುವಂತಿರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಅಜ್ಜಂದಿರು ಮಾಡಿಕೊಂಡ ಏರ್ಪಾಡು. ಹಾವಂತೂ ಸಾಯಲಿಲ್ಲ.

ಗೆರೆಗೆ ಕಟ್ಟಳೆಗಳಿದ್ದವು. ದಿನಾ ಸೂರ್ಯ ಹುಟ್ಟುವ ಮೊದಲು ಅದನ್ನು ಹೊಸದಾಗಿ ಎಳೆಯಬೇಕು. ಯಾವ ಮನುಷ್ಯನೂ ಅದನ್ನು ತುಳಿಯಕೂಡದು, ದಾಟುವುದಿದ್ದರೆ ಹಾರಿ ದಾಟಬೇಕು. ತುಳಿದ ದಿನ ಊರು ಉರಿಯುತ್ತದೆ. ಗೆರೆಯ ಮೇಲೆ ಬಿದ್ದದ್ದು ಯಾರದ್ದೂ ಅಲ್ಲ. ಒಮ್ಮೆ ಒಂದು ರಸಪೂರಿ ಮಾವಿನಹಣ್ಣು ಸರಿಯಾಗಿ ಗೆರೆಯ ಮೇಲೆ ಬಿದ್ದು, ಎರಡು ಕೇರಿಯ ಬಾಯಲ್ಲೂ ನೀರು ಸುರಿಯುತ್ತಿರುವಾಗಲೇ ಅಲ್ಲೇ ಕೊಳೆತುಹೋಯಿತು. ಆದರೆ ಗೆರೆಯಿಂದ ಹೊರಗೆ ಕೂದಲೆಳೆಯಷ್ಟು ಚಾಚಿದರೂ ಅದು ಆ ಕಡೆಯವರ ಸ್ವತ್ತು. ಇನ್ನೊಂದು ಕಟ್ಟಳೆ ಈಚಿನದು: ತೆಂಕೇರಿಯ ಆಳು ಬಡಗೇರಿಗೆ ಓಡಿಬಂದರೆ ಬಡಗೇರಿಯವರೇ ಕೈಕಟ್ಟಿ ಹಿಂದಕ್ಕೆ ಕಳಿಸಬೇಕು. ಇದಕ್ಕೆ ಒಪ್ಪುವಾಗ ಬಡಗೇರಿಯವರು ಬಹಳ ಅತ್ತರಂತೆ. ಅತ್ತು, ಕಣ್ಣೊರೆಸಿಕೊಂಡು, ಒಪ್ಪಿದರು.

ಆ ಗೆರೆ ಎಳೆಯುವವಳು ತೆಂಕೇರಿಯ ಒಬ್ಬಳು ಆಳು ಹೆಂಗಸು, ತೊತ್ತು. ಊರಿಗೆಲ್ಲ ಅವಳು ಗೆರೆಯವಳು. ‘ಯಾವ ಮನುಷ್ಯನೂ ತುಳಿಯಕೂಡದು’ ಅಂದರಲ್ಲ, ಹಾಗಾದರೆ ಎಳೆಯುವವರು ಯಾರು? ಅಜ್ಜಂದಿರು ಮೂರು ದಿನ ತಲೆ ಕೆರೆದುಕೊಂಡು ಕಡೆಗೆ ಕಂಡುಕೊಂಡರು, ಆಳನ್ನು ಮನುಷ್ಯರ ಲೆಕ್ಕದಲ್ಲಿ ಹಿಡಿದಿಲ್ಲವಲ್ಲ! ನಾಯಿ ತುಳಿದರೆ ದೋಷವಿಲ್ಲ, ಕೋಳಿ ತುಳಿದರೆ ದೋಷವಿಲ್ಲ, ಆಳು ತುಳಿದರೂ ಇಲ್ಲ. ಆ ಬುದ್ಧಿವಂತಿಕೆಗೆ ಎರಡೂ ಕೇರಿಯವರು ತಲೆದೂಗಿದರು.

ಹಾಗಾಗಿ ದಿನಾ ನಸುಕಿಗೆ ಅವಳು ಬುಟ್ಟಿ ಸೊಂಟಕ್ಕಿಟ್ಟು ಮೂಡಣ ಬಾಗಿಲಲ್ಲಿ ನಿಲ್ಲುವಳು. ಬಗ್ಗುವಳು. ಒಂದು ಹಿಡಿ, ಒಂದು ಹೆಜ್ಜೆ. ಒಂದು ಹಿಡಿ, ಒಂದು ಹೆಜ್ಜೆ. ಸಂತೆಮಾಳದ ನಡುವೆ, ಬಾವಿಕಟ್ಟೆಯ ಪಕ್ಕ, ಚಾವಡಿಯ ಒಂದು ಬಾಗಿಲಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಿದ್ದು, ಪಡುವಣ ಬಾಗಿಲಿನ ಕಲ್ಲಿನವರೆಗೆ. ಅಲ್ಲಿಗೆ ಗೆರೆ ಮುಗಿಯಿತು. ಗೆರೆಯ ಮೇಲಿರುವಷ್ಟು ಹೊತ್ತು ಅವಳು ಯಾರವಳೂ ಅಲ್ಲ. ಬುಟ್ಟಿ ಇಳಿಸಿ ತೆಂಕಕ್ಕೆ ಕಾಲಿಟ್ಟಳೋ, ಮತ್ತೆ ತೆಂಕೇರಿಯ ಯಜಮಾನನ ತೊತ್ತು. ಅವಳಿಗೊಬ್ಬಳು ಮಗಳಿದ್ದಳು. ತೆಂಕೇರಿಯ ಗುಡಿಸಲಲ್ಲಿ ಹುಟ್ಟಿದವಳಾದ್ದರಿಂದ ಅವಳೂ ಯಜಮಾನನದ್ದೇ.

ಒಂದು ದಿನ ಯಜಮಾನ ಅವಳನ್ನು ಕರೆದು, ಸಿಹಿ ಸುದ್ದಿ ಹೇಳುವವನ ಹಾಗೆ ಹೇಳಿದ:

“ನೋಡೇ, ನಮ್ಮ ಹುಡುಗಿಗೆ ಗಂಡು ಗೊತ್ತಾಯ್ತು. ತೆಂಕಣ ಸೀಮೆ, ಏಳು ದಿನದ ದಾರಿ. ಇವತ್ತಿಗೆ ಒಂಬತ್ತನೇ ದಿನ ಬೆಳಗ್ಗೆ ದಿಬ್ಬಣ ಹೊರಡುತ್ತೆ. ಬಳುವಳಿಗೆ ಎರಡು ಹಸು, ಹಿತ್ತಾಳೆ ಹಂಡೆ, ನಿನ್ನ ಮಗಳು. ಒಳ್ಳೇ ಮನೆ ಕಣೇ, ಎರಡು ಹೊತ್ತು ಗಂಜಿ ಕಾಣ್ತಾಳೆ.”

ಬಳುವಳಿಯಾಗಿ ಹೋದವರಲ್ಲಿ ತಿರುಗಿ ಬಂದವರು ಒಬ್ಬರಿಲ್ಲ. ಬದುಕಿದರೋ ಸತ್ತರೋ ಅಂತ ಹೇಳುವವರೂ ಇಲ್ಲ. “ಆಗ್ಲಿ ಧಣೀ” ಅಂದಳು ಗೆರೆಯವಳು. ಬೇರೇನು ಅಂದಾಳು? ಹಿತ್ತಲಿಗೆ ಬಂದು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು, ಸದ್ದು ಹೊರಗೆ ಬರದ ಹಾಗೆ.

ಮಾರನೆಯ ಬೆಳಗ್ಗೆ ಗೆರೆ ಎಳೆಯುತ್ತ ಬಡಗೇರಿಯ ಮಾತುಗಾರನ ಅಂಗಳದ ಎದುರು ನಿಂತಳು. ಆಳುಗಳ ಪರವಾಗಿ ಆ ಊರಿನಲ್ಲಿ ಬಾಯಿ ಬಿಡುತ್ತಿದ್ದವನು ಅವನೊಬ್ಬನೇ. ಚಾವಡಿಯಲ್ಲಿ ಅವನು ಎದ್ದುನಿಂತರೆ ಹೆಂಗಸರು ಮೂಗೊರೆಸಿಕೊಳ್ಳುತ್ತಿದ್ದರು. ಅವನು ಹಲ್ಲುಜ್ಜುತ್ತ ಹೊರಗೆ ಬಂದ.

“ಸ್ವಾಮೀ, ನನ್ನ ಮಗಳನ್ನ ಈ ಕಡೆ ದಾಟಿಸಿಬಿಟ್ರೆ?”

ಅವನ ಕೈ ಅಲ್ಲೇ ನಿಂತಿತು. ಕಣ್ಣಲ್ಲಿ ನಿಜವಾಗಿಯೂ ನೀರು ಬಂತು, ಸುಳ್ಳು ಹೇಳಬಾರದು. “ಬೇಡ ತಾಯೀ, ದಾಟಿಸ್ಬೇಡ. ದಾಟಿಸಿದ್ರೆ ನಾನೇ ಕೈಕಟ್ಟಿ ವಾಪಸ್ ಕಳಿಸಬೇಕಾಗುತ್ತೆ. ಕಟ್ಟಳೆ ಹಾಗಿದೆ. ನನ್ನ ಕೈಯಲ್ಲಿ ಅಂಥ ಪಾಪ ಮಾಡಿಸ್ತೀಯಾ?” ಆಮೇಲೆ ಮುಖ ಅರಳಿಸಿ, “ಇವತ್ತು ಚಾವಡೀಲಿ ನಿನ್ನ ಮಗಳ ವಿಷಯ ಎತ್ತೇ ಎತ್ತುತ್ತೀನಿ. ಮೂರು ಗಳಿಗೆ ಮಾತಾಡ್ತೀನಿ, ನೋಡ್ತಿರು!” ಅಂದ.

ಮಾತಾಡಿದ, ಮೂರು ಗಳಿಗೆಯೇ. ಗೆರೆಯವಳು ಚಾವಡಿಯೊಳಗೆ ಬಾಗಿಲ ಬಳಿ ಗೆರೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಕೇಳಿಸಿಕೊಂಡಳು. ಗಾಳಿಗೆ ಗೆರೆ ಚೆದುರಿದರೆ ತಿದ್ದಲು ಅವಳು ಅಲ್ಲೇ ಇರಬೇಕಿತ್ತು. ಮಾತುಗಾರ “ಆ ತಾಯಿಯ ಕರುಳು!” ಅಂದ. ತೆಂಕೇರಿಯ ಯಜಮಾನ ಎದ್ದು, “ನಮ್ಮ ಆಳಿಗೆ ಜ್ವರ ಬಂದ್ರೆ ನಾವು ಕಷಾಯ ಕಾಸಿ ಕೊಡ್ತೀವಿ. ನಿಮ್ಮ ಕೂಲಿಯವನಿಗೆ ಜ್ವರ ಬಂದ್ರೆ ನೀವು ಬಾಗಿಲು ಹಾಕ್ಕೊಳ್ತೀರಿ. ಯಾರಯ್ಯ ದೊಡ್ಡ ಮನುಷ್ಯರು?” ಅಂದ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. “ಊರು ಒಂದಾಗಿರಬೇಕು, ಅದು ಮುಖ್ಯ” ಅಂತ ಎಲ್ಲರೂ ಹೇಳಿ ಎದ್ದರು. ತಾಯಿಯ ಕರುಳು ಅಲ್ಲೇ ಕೂತಿತ್ತು, ಅದನ್ನು ಯಾರೂ ಏನೂ ಕೇಳಲಿಲ್ಲ.

ಅಲ್ಲಿ ಕೂತಾಗಲೇ ಅವಳಿಗೆ ಹಿಂದೊಬ್ಬ ಆಳು ನೆನಪಾದ. ಅವನು ಒಡೆಯನಿಂದ ತಪ್ಪಿಸಿಕೊಂಡು ಬಂದು ಗೆರೆಯ ಮೇಲೆ ನಿಂತುಬಿಟ್ಟಿದ್ದ, ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು. ನಾಲ್ಕು ಬೆರಳಗಲದಲ್ಲಿ ಹಾಗಲ್ಲದೆ ಹೇಗೆ ನಿಲ್ಲಬೇಕು? ಎರಡು ದಿನ ನಿಂತ. ಮೂರನೆಯ ದಿನ ಕಣ್ಣೆವೆ ಕೂಡಿತು, ದೊಪ್ಪನೆ ತೆಂಕಕ್ಕೆ ಬಿದ್ದ. ಬಡಗೇರಿಯವರು ಅಯ್ಯೋ ಅಂದರು, ತೆಂಕೇರಿಯವರು ಹಗ್ಗ ತಂದರು.

ಅವನು ಬಿದ್ದದ್ದು ಗೆರೆ ಕಿರಿದಾಗಿದ್ದಕ್ಕೆ, ಅಂತ ಅವಳಿಗೆ ಹೊಳೆಯಿತು.

ಎರಡು ಕೇರಿಗೂ ಒಬ್ಬೊಬ್ಬ ಅಳತೆಗಾರನಿದ್ದ. ಬಡಗೇರಿಯವನು ತನ್ನ ಗೋಡೆಯಿಂದ ಗೆರೆಯ ತನ್ನ ಅಂಚಿನವರೆಗೆ ದಿನಾ ಬಿದಿರುಕೋಲು ಹಿಡಿದು ಅಳೆಯುವನು. ತೆಂಕೇರಿಯವನು ತನ್ನ ಗೋಡೆಯಿಂದ ತನ್ನ ಅಂಚಿನವರೆಗೆ. ಗೆರೆಯನ್ನು ಮಾತ್ರ ಅಂದಿನವರೆಗೆ ಯಾರೂ ಅಳೆದಿರಲಿಲ್ಲ. ಅದು ಯಾರದ್ದೂ ಅಲ್ಲವಲ್ಲ, ಅಳೆದು ಏನು ಮಾಡಬೇಕು?

ಮಾರನೆಯ ಬೆಳಗ್ಗೆ ಅವಳು ಆ ಅಂಚಿನಲ್ಲಿ ಎರಡು ಬೆರಳು, ಈ ಅಂಚಿನಲ್ಲಿ ಎರಡು ಬೆರಳು ಹೆಚ್ಚು ಎಳೆದಳು. ಹೊಸ ಅಗಲಕ್ಕೆ ಕೈ ಒಗ್ಗದೆ ಗೆರೆಯ ಅಂಚು ಗರಗಸದ ಹಾಗಾಗಿತ್ತು. ಸುಣ್ಣ ಸಾಲದೆ ಒಲೆಯ ಬೂದಿ ಬೆರೆಸಿದ್ದಳು.

ಚಾವಡಿಯಲ್ಲಿ ಗುಲ್ಲೋ ಗುಲ್ಲು. “ನಮ್ಮ ನೆಲ ಎರಡು ಬೆರಳು ಹೋಗಿದೆ! ಬಡಗೇರಿಯವರು ಒತ್ತಿದ್ದಾರೆ!” ಅಂತ ತೆಂಕೇರಿಯ ಅಳತೆಗಾರ. “ಎರಡು ಬೆರಳು ಹೋಗಿರೋದು ನಮ್ಮದು, ಕಳ್ಳರು ನೀವು!” ಅಂತ ಬಡಗೇರಿಯವನು. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಇಬ್ಬರದ್ದೂ ಹೋಗಿರಬಹುದು ಅನ್ನುವುದು ಮಾತ್ರ ಒಬ್ಬನ ತಲೆಗೂ ಹೋಗಲಿಲ್ಲ. ತನಗೆ ನಷ್ಟವಾದರೆ ಎದುರಿನವನಿಗೆ ಲಾಭವಾಗಿರಲೇಬೇಕು ಅಂತ ನಂಬಿದ ಜನ ಅವರು. ಗೆರೆಯವಳು ತನ್ನ ಜಾಗದಲ್ಲೇ ತಲೆ ತಗ್ಗಿಸಿ ಕೂತಿದ್ದಳು. ಅವಳ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ.

ದಿನಕ್ಕೆ ಎರಡು ಬೆರಳು ಆ ಕಡೆ, ಎರಡು ಬೆರಳು ಈ ಕಡೆ. ಒಂದು ಹಿಡಿ, ಒಂದು ಹೆಜ್ಜೆ. ಗೆರೆ ಗೇಣಗಲವಾಯಿತು, ಗೇಣು ದಾಟಿತು. ಕಣ್ಣಿಗೆ ಕಾಣುವುದಿಲ್ಲವೇ ಅಂತ ನೀವು ಕೇಳಬಹುದು. ಎರಡು ಕೇರಿಯವರೂ ಗೆರೆಯಾಚೆಗಿನ ಮುಖಗಳನ್ನು ದುರುಗುಟ್ಟಿ ನೋಡುತ್ತಿದ್ದರೇ ಹೊರತು ಕಾಲ ಕೆಳಗೆ ನೋಡುತ್ತಿರಲಿಲ್ಲ. ನೆಲ ನೋಡಿಕೊಂಡು ನಡೆಯುವವರು ಬೇರೆಯೇ ಇದ್ದರು.

ಅದು ಅವಳಿಗೆ ತಿಳಿದದ್ದು ನಾಲ್ಕನೆಯ ನಸುಕಿಗೆ. ಅರೆಬುಟ್ಟಿ ಸುಣ್ಣ ಇಟ್ಟು ಮಲಗಿದ್ದಳು. ಎದ್ದು ಎತ್ತಿದರೆ ಬುಟ್ಟಿ ಜಗ್ಗುತ್ತಿದೆ! ಮುಚ್ಚಳ ತೆಗೆದಳು, ಕಂಠಮಟ್ಟ ಬೆಳ್ಳನೆಯ ಹೊಸ ಸುಣ್ಣ. ಅಯ್ಯೋ, ಯಾರಿಗೋ ಗೊತ್ತಾಗಿಹೋಗಿದೆ. ಯಾರಿಗೆ? ಇವತ್ತು ಹೇಳುತ್ತಾರೋ, ನಾಳೆ ಹೇಳುತ್ತಾರೋ? ಗೆರೆ ಎಳೆಯುತ್ತ ಬಾವಿಕಟ್ಟೆಯ ಹತ್ತಿರ ಬಂದಳು. ನೀರು ಹೊರುವ ಮುದುಕ ಎರಡು ಕೊಡ ಹೇರಿಕೊಂಡು ಎದುರಿಗೆ ಬಂದ. ತೆಂಕೇರಿಯ ಆಳು. ನಲವತ್ತು ವರ್ಷ ನೀರು ಹೊತ್ತು ಕತ್ತು ಮುಂದಕ್ಕೆ ಬಾಗಿಯೇ ಹೋಗಿತ್ತು. ತಲೆ ಎತ್ತದೆ, ನಿಲ್ಲದೆ, ಗೊಣಗುವ ಹಾಗೆ ಅಂದ:

“ಮದುವೆಮನೆ ಗೋಡೆಗೆ ಬಳಿಯೋಕೆ ಗಾಡಿಗಟ್ಟಲೆ ಸುಣ್ಣ ಬಂದಿದೆ. ಗೋಡೆಗೆ ಒಂದು ಬಳಿತ ಸಾಕು ಬಿಡವ್ವಾ.”

ಆಮೇಲೆ ದಿನಾ ಬುಟ್ಟಿ ತುಂಬಿರುತ್ತಿತ್ತು. ಯಾರು ಸೆರಗಲ್ಲಿ ತಂದರೋ, ಯಾರು ತಲೆಬಟ್ಟೆಯಲ್ಲಿ ತಂದರೋ, ಅವಳು ಕೇಳಲಿಲ್ಲ. ಕಸ ಗುಡಿಸುವವಳು ಗೆರೆಯ ಅಂಚನ್ನು ಮಾತ್ರ ಗುಡಿಸದೆ ಬಿಡುತ್ತಿದ್ದಳು. ಸೌದೆ ಹೊರುವವನು ಗೆರೆ ಕಂಡಲ್ಲಿ ದೂರ ಸರಿದು ನಡೆಯುತ್ತಿದ್ದ. ಹೊರೆ ಹೊತ್ತವರೆಲ್ಲರಿಗೂ ಗೊತ್ತಿತ್ತು. ಗೊತ್ತಿದ್ದಷ್ಟೂ ಅವಳ ಹೆದರಿಕೆ ಹೆಚ್ಚಾಯಿತು, ಯಾಕೆಂದರೆ ಇಷ್ಟು ಬಾಯಿಗಳಲ್ಲಿ ಒಂದು ಬಾಯಿ ಸಡಿಲವಾದರೂ ಸಾಕಿತ್ತು.

ಅತ್ತ ಚಾವಡಿಯಲ್ಲಿ ಮಾತು ಹೋಗಿ ಬೈಗುಳ, ಬೈಗುಳ ಹೋಗಿ ಕೈ. ಐದನೆಯ ದಿನ ತೆಂಕೇರಿಯ ಒಬ್ಬ ಎದ್ದು ಬಡಗೇರಿಯ ಮುದುಕನೊಬ್ಬನಿಗೆ ಗೆರೆಯಾಚೆಯಿಂದಲೇ ದೊಣ್ಣೆ ಚಾಚಿ ಹೊಡೆದ, ಕಾಲು ಮಾತ್ರ ಜೋಪಾನವಾಗಿ ಗೆರೆಯ ಹೊರಗೆ ಇಟ್ಟುಕೊಂಡು. ಆರನೆಯ ದಿನದಿಂದ ಎರಡೂ ಕೇರಿಯಲ್ಲಿ ಮಚ್ಚು ಮಸೆಯುವ ಸದ್ದು. ಗೆರೆ ಎಳೆಯುವಾಗ ಅವಳ ಎಡಕಿವಿಯಲ್ಲೂ ಅದೇ ಸದ್ದು, ಬಲಕಿವಿಯಲ್ಲೂ ಅದೇ. ನನ್ನಿಂದಲೇ ಊರು ಹಾಳಾಗುತ್ತಿದೆಯೇ ಶಿವನೇ, ಅಂತ ಅವಳು ಒಳಗೊಳಗೇ ಬೇಯುತ್ತಿದ್ದಳು. ಇವತ್ತಿಗೂ ಹಾಗನ್ನುವವರಿದ್ದಾರೆ. ನಾನು ಅವರಿಗೆ ಒಂದೇ ಕೇಳುತ್ತೇನೆ: ಜಗಳದ ಮನಸ್ಸೇ ಇಲ್ಲದ ಮನೆಯಲ್ಲಿ ಮಚ್ಚು ಮಸೆಯುವ ಕಲ್ಲು ಯಾಕಪ್ಪ ಇತ್ತು?

ಒಂಬತ್ತನೆಯ ದಿನ ಬಂದೇ ಬಂತು. ಬೆಳಗಿನ ಜಾವಕ್ಕೆ ತಾಯಿ ಮಗಳನ್ನು ಎಬ್ಬಿಸಿ ಕುಡುಗೋಲು ಕೈಗೆತ್ತಿಕೊಂಡಳು. ಮಗಳು ಹೆದರಿ ಹಿಂದೆ ಸರಿದಳು.

“ಅಮ್ಮಾ, ಏನು ಮಾಡ್ತೀಯಾ?”

“ಜಡೆ ಕೊಯ್ತೀನಿ. ಗೆರೆಯಿಂದ ಒಂದೆಳೆ ಹೊರಗೆ ಬಿದ್ರೂ ಅದನ್ನ ಹಿಡಿದು ಎಳೀತಾರೆ. ಅಳಬೇಡ, ಬೆಳೆಯುತ್ತೆ.”

ಮೊಳದುದ್ದದ ಜಡೆಯನ್ನು ಕೊಯ್ದು ಒಲೆಗೆ ಹಾಕಿದಳು. ಆ ಬೆಳಗ್ಗೆ ಗೆರೆ ಒಂದೂವರೆ ಮೊಳ ಅಗಲವಾಗಿ ಬಿತ್ತು. ಒಬ್ಬ ಹುಡುಗಿ ಅಂಗಾತ ಮಲಗಿ ಎರಡು ಕೈಯನ್ನೂ ಪಕ್ಕಕ್ಕಿಟ್ಟುಕೊಳ್ಳುವಷ್ಟು. ಬುಟ್ಟಿಯಲ್ಲಿ ತಳಕ್ಕಷ್ಟೇ ಸುಣ್ಣ ಉಳಿದಿತ್ತು. ಪಡುವಣ ಬಾಗಿಲಿಂದ ಹಿಂದಿರುಗಿ, ಮಗಳನ್ನು ಕೈಹಿಡಿದು ಬಿಳುಪಿನ ಮೇಲೆ ಕೂರಿಸಿದಳು. ಮಗಳು ಮಂಡಿ ತಬ್ಬಿಕೊಂಡು, ಬೆರಳುಗಳನ್ನು ಮುಷ್ಟಿಯೊಳಗೆ ಅಡಗಿಸಿಕೊಂಡು ಕೂತಳು.

ಓಲಗದೊಂದಿಗೆ ದಿಬ್ಬಣ ಬಂತು. ಯಜಮಾನ ಹಗ್ಗ ಹಿಡಿದಿದ್ದ. ಅಂಚಿಗೆ ಬಂದು ನಿಂತ, ಬಗ್ಗಿದ, ಕೈ ಚಾಚಲು ಹೋಗಿ ಹಿಂದಕ್ಕೆ ಎಳೆದುಕೊಂಡ. ಓಲಗ ನಿಂತಿತು.

“ಏಳೇ ಅಲ್ಲಿಂದ.”

“ಅವಳು ಯಾರವಳೂ ಅಲ್ಲ ಧಣೀ,” ಅಂದಳು ಗೆರೆಯವಳು. “ಗೆರೆ ಮೇಲಿದಾಳೆ.”

ಬಡಗೇರಿಯವರೂ ಓಡಿಬಂದು ತಮ್ಮ ಅಂಚಿನಲ್ಲಿ ಸಾಲಾಗಿ ನಿಂತರು. ಆಗ ಮೊದಲ ಸಲ ಎಲ್ಲರೂ ನೆಲ ನೋಡಿದರು. ಇಬ್ಬರು ಅಳತೆಗಾರರೂ ತಮ್ಮ ತಮ್ಮ ಬಿದಿರುಕೋಲನ್ನು ಗೆರೆಯ ಮೇಲೆ ಅಡ್ಡ ಹಿಡಿದರು. ಹಿಡಿದು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ವರ್ಷದಲ್ಲಿ ಆ ಇಬ್ಬರ ಅಳತೆಯೂ ಒಂದೇ ಬಂದದ್ದು ಅದೇ ಮೊದಲು.

“ನಮ್ಮದನ್ನೂ ಕದ್ದಿದಾಳೆ,” ಅಂದ ಒಬ್ಬ.

“ನಮ್ಮದನ್ನೂ,” ಅಂದ ಇನ್ನೊಬ್ಬ.

ಮಾತುಗಾರ ಮುಂದೆ ಬಂದ. ಕಣ್ಣಲ್ಲಿ ಈಗ ನೀರಿರಲಿಲ್ಲ. “ನಿನಗೋಸ್ಕರ ಮೂರು ಗಳಿಗೆ ಮಾತಾಡಿದೆನಲ್ಲ ತಾಯೀ, ನಮ್ಮ ನೆಲವನ್ನೇ ತಿಂದೆಯಾ?” ಆಮೇಲೆ ಯಜಮಾನನ ಕಡೆ ತಿರುಗಿ, ಸೋದರನ ಹತ್ತಿರ ಮಾತಾಡುವ ಹಾಗೆ ಮೆಲ್ಲಗೆ, “ಇಬ್ಬರೂ ಒಟ್ಟಿಗೆ ಕಾಲಿಡೋಣ. ಒಟ್ಟಿಗೆ ಇಟ್ರೆ ದೋಷ ಅರ್ಧರ್ಧ,” ಅಂದ.

ಗೆರೆಯವಳು ಒಂಬತ್ತು ದಿನವೂ ಹೆದರಿದ್ದಳು, ಆದರೆ ಈ ಹೆದರಿಕೆಯೇ ಬೇರೆ. ಅವರು ಕಿತ್ತಾಡುವಾಗ ಅವಳಿಗೆ ನಡುವೆ ಒಂದೂವರೆ ಮೊಳ ಜಾಗವಿತ್ತು. ಒಂದಾದರೆ ಕೂದಲೆಳೆಯಷ್ಟೂ ಇರುವುದಿಲ್ಲ. “ಏಳು ಮಗಾ, ನಡಿ. ಅತ್ತಿತ್ತ ನೋಡ್ಬೇಡ” ಅಂತ ಬುಟ್ಟಿಯನ್ನು ಎದೆಗವಚಿಕೊಂಡು ಪಡುವಣಕ್ಕೆ ಹೊರಟಳು.

ಯಜಮಾನ ಕಾಲೆತ್ತಿದ. ಮಾತುಗಾರ ಕಾಲೆತ್ತಿದ. ಎತ್ತಿದವರು, ಎದುರಿನವನು ಮೊದಲು ಇಡಲಿ ಅಂತ, ಒಂಟಿಕಾಲಲ್ಲಿ ನಿಂತುಬಿಟ್ಟರು. ಯಜಮಾನನಿಗೆ ಜೋಲಿ ತಪ್ಪಿತು. ಅವನ ಮೆಟ್ಟು ಬಿಳುಪಿನ ಮೇಲೆ ಬಿತ್ತು.

“ತುಳಿದ! ಗೆರೆ ತುಳಿದ!” ಅಂತ ಬಡಗೇರಿಯಲ್ಲಿ ಯಾರೋ ಕಿರುಚಿದರು. ಒಂದು ಕಲ್ಲು ಹಾರಿತು. ಆ ಕಡೆಯಿಂದ ಎರಡು ಬಂತು. ಆಮೇಲೆ ಮಚ್ಚುಗಳು ಹೊರಬಿದ್ದವು. ಇನ್ನು ಗೆರೆ ಎಲ್ಲಿ, ಕಟ್ಟಳೆ ಎಲ್ಲಿ! ತಾಯಿ ಮಗಳು ನಡೆಯುತ್ತಿದ್ದಂತೆ ಅವರ ಬೆನ್ನಹಿಂದೆಯೇ ಬಿಳುಪು ಕೆಂಪಾಗುತ್ತ ಬಂತು, ಕಲ್ಲು ನೆತ್ತಿಯ ಮೇಲಿಂದ ಹಾರಿತು, ದಿಬ್ಬಣದ ಹಸುಗಳು ಹಗ್ಗ ಹರಿದುಕೊಂಡು ಓಡಿದವು. ನೀರು ಹೊರುವ ಮುದುಕ ಕೊಡಗಳನ್ನು ನೆಲಕ್ಕಿಳಿಸಿದ. ನಲವತ್ತು ವರ್ಷದಲ್ಲಿ ತುಂಬಿದ ಕೊಡವನ್ನು ಅವನು ಬೀದಿಯ ನಡುವೆ ಇಳಿಸಿದ್ದು ಅದೊಂದೇ ಸಲ. ಇಳಿಸಿ ಬಿಳುಪಿನ ಮೇಲೆ ಕಾಲಿಟ್ಟ.

ಪಡುವಣ ಬಾಗಿಲು ಬಂತು. ಅಲ್ಲಿ ಕಲ್ಲು, ಕಲ್ಲಿಗೆ ಗೆರೆ ಮುಗಿಯಿತು. ಆಚೆ ಏನಿದೆ ಅಂತ ಅವಳಿಗೆ ಗೊತ್ತಿರಲಿಲ್ಲ. ದಿನಾ ಅಲ್ಲಿಗೆ ಬಂದು ಬುಟ್ಟಿ ಇಳಿಸಿ ಹಿಂದಿರುಗಿದವಳು, ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ.

“ಅಮ್ಮಾ, ಗೆರೆ ಮುಗೀತು,” ಅಂದಳು ಮಗಳು.

ತಾಯಿ ಬಗ್ಗಿದಳು. ಬುಟ್ಟಿಯ ತಳಕ್ಕೆ ಕೈ ಹಾಕಿದಳು. ಒಂದು ಹಿಡಿ, ಒಂದು ಹೆಜ್ಜೆ. ಬಾಗಿಲಿನ ಹೊರಗೆ, ಹುಲ್ಲಿನ ಮೇಲೆ, ನಾಲ್ಕೇ ಬೆರಳಗಲ. ಮಗಳು ಪಾದದ ಮುಂದೆ ಪಾದ ಇಟ್ಟು ಹಿಂದೆ ಬಂದಳು. ಒಂದು ಹಿಡಿ, ಒಂದು ಹೆಜ್ಜೆ. ಅರೆ ಹಿಡಿ, ಒಂದು ಹೆಜ್ಜೆ. ಚಿಟಿಕೆ, ಒಂದು ಹೆಜ್ಜೆ. ಬುಟ್ಟಿಯನ್ನು ಮಗುಚಿ ತಳ ಬಡಿದಳು. ಸ್ವಲ್ಪ ಧೂಳು ಉದುರಿತು, ಅದೂ ಮುಗಿಯಿತು.

ತಿರುಗಿ ನೋಡಿದಳು. ಹಿಂದೆ ಗೆರೆಯೇ ಕಾಣುತ್ತಿರಲಿಲ್ಲ, ಅಷ್ಟು ಜನ ಅದರ ಮೇಲೆ ನಿಂತಿದ್ದರು. ನೀರು ಹೊರುವ ಮುದುಕ, ಕಸ ಗುಡಿಸುವವಳು, ಸೌದೆಯವನು, ಕಂಕುಳಲ್ಲಿ ಕೂಸಿದ್ದ ಹೆಂಗಸು, ಅವರ ಹಿಂದೆ ಇನ್ನೂ ಯಾರು ಯಾರೋ. ಎಲ್ಲರೂ ಪಾದದ ಮುಂದೆ ಪಾದ ಇಟ್ಟು, ಉಸಿರು ಹಿಡಿದು, ಅವಳ ಖಾಲಿ ಬುಟ್ಟಿಯನ್ನೇ ನೋಡುತ್ತಿದ್ದರು. ಅವರಾಚೆ ಊರಿನಿಂದ ಹೊಗೆ ಏಳುತ್ತಿತ್ತು.

“ಅಮ್ಮಾ, ಇದು ಯಾವ ಕಡೆ?”

ಅವಳು ಎಡಕ್ಕೆ ನೋಡಿದಳು. ಮೊಣಕಾಲುದ್ದ ಹುಲ್ಲು. ಬಲಕ್ಕೆ ನೋಡಿದಳು, ಅದೇ ಹುಲ್ಲು. ಕೈಗೆ ಬುಟ್ಟಿ ಬಂದಂದಿನಿಂದ ಊರಿಗೆಲ್ಲ ಕಡೆ ತೋರಿಸಿದವಳಿಗೆ ಅಲ್ಲಿ ಹೇಳಲು ಏನೂ ತೋಚಲಿಲ್ಲ. “ಗೊತ್ತಿಲ್ಲ ಮಗಾ” ಅಂದಳು. ಕಣ್ಣು ಮುಚ್ಚಿ, ಗೆರೆಯಿಂದ ಹೊರಗೆ ಒಂದು ಕಾಲು ಇಟ್ಟಳು. ಕಾದಳು. ಯಾರೂ ಕೂಗಲಿಲ್ಲ. ಇನ್ನೊಂದು ಕಾಲು ಇಟ್ಟಳು.

ಆಮೇಲೆ ಮಗಳು ಇಳಿದಳು, ಮುದುಕ ಇಳಿದ, ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಹತ್ತಿಪ್ಪತ್ತು ಹೆಜ್ಜೆಯವರೆಗೆ ಹುಲ್ಲಿನ ಮೇಲೆ ಅವರ ಕಾಲಿನ ಸುಣ್ಣ ಮೆತ್ತಿತು. ಮುಂದೆ ಅದೂ ಇರಲಿಲ್ಲ.

“ಕಾಲು ಅಗಲಿಸಿ ನಡಿಯೇ ಮಗಾ, ಇಲ್ಲಿ ಯಾರಿದಾರೆ?” ಅಂದಳು ತಾಯಿ.

“ಹೂಂ” ಅಂದಳು ಮಗಳು. ಅಂದಳೇ ಹೊರತು, ಮಧ್ಯಾಹ್ನದವರೆಗೂ, ಸಂಜೆಯವರೆಗೂ, ಅಷ್ಟು ದೊಡ್ಡ ಬಯಲಿನಲ್ಲಿ ಅವಳು ಪಾದದ ಮುಂದೆ ಪಾದ ಇಟ್ಟೇ ನಡೆದಳು.